ಹಳ್ಳ ದಾಟಿಸಿದ ಕೋಳಿ

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಇನ್ನೂ ಎರಡು ಕೋಳಿ ಹೊರಗೆ ಬರಲಿಲ್ಲ. ಒಂದು ಆಗಲೇ ಸೆಟೆದಿತ್ತು. ಇನ್ನೊಂದು ಕತ್ತನ್ನು ಹಿಂದಕ್ಕೆ ತಿರುಚಿಕೊಂಡು ಕೂತಲ್ಲೇ ಸುತ್ತುತ್ತಿತ್ತು. ಬಸುರಿ ಶಿವಗಂಗವ್ವನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

ಧನಕವಡಿಯ ದನದ ದವಾಖಾನೆಯ ಡಾಕ್ಟರು ನಿನ್ನೆಯೇ ಸತ್ತ ಕೋಳಿ ನೋಡಿ 'ಮಾನಮೋಡಿ' ಎಂದಿದ್ದರು, ಕತ್ತು ಮುರಿಯುವ ರೋಗ. ಬಂದ ಮೇಲೆ ಮದ್ದಿಲ್ಲ. ಚೆನ್ನಾಗಿ ಕಾಣುವ ಕೋಳಿಯೂ ಅದನ್ನು ಹೊತ್ತು ತಿರುಗುತ್ತದೆ, ನಿಮ್ಮ ಕಾಲೂ ಹೊರುತ್ತದೆ, ಕೋಳಿ ಇದ್ದವರ ಮನೆಗೆ ಹೋಗಬೇಡಿ ಎಂದು ಮರಾಠಿಯಲ್ಲಿ ನಿಧಾನವಾಗಿ ಹೇಳಿ ಕಳಿಸಿದ್ದರು.

ಅತ್ತೆ ಸಾಬವ್ವನ ಮದ್ದು ಬೇರೆ. ಉಳಿದವುಗಳಲ್ಲಿ ಗಟ್ಟಿಯಾಗಿದ್ದ ಕೆಂಪು ಹೇಂಟೆಯನ್ನು ಹಿಡಿದು, ಅರಿಶಿನ ಕುಂಕುಮ ಹಚ್ಚಿ, ಕಾಲಿಗೆ ಹಸಿರು ದಾರ ಕಟ್ಟಿದಳು. ಯಾದಗಿರಿ ಕಡೆಯ ಅವರ ಊರಲ್ಲಿ ಬೇನೆ ಬಂದರೆ ಊರದೇವತೆ ಮರಗಮ್ಮನ ಹೆಸರಲ್ಲಿ ಕೋಳಿಯೊಂದನ್ನು ಸೀಮೆ ದಾಟಿಸುತ್ತಿದ್ದರು. ಬೇನೆ ಅದರ ಬೆನ್ನೇರಿ ಹೋಗುತ್ತಿತ್ತು. ಅಲ್ಲಿ ಸೀಮೆಯಾಚೆ ಬರೀ ಬಯಲು. ಕಟ್ಟಡದ ಕೆಲಸಕ್ಕೆ ಬಂದು ನೆಲೆಸಿದ ಇಲ್ಲಿ, ಕೂಲಿಯವರ ಶೆಡ್ಡುಗಳ ಹಿಂದಿನ ಹಳ್ಳವೇ ಸೀಮೆ, ಅದರಾಚೆಯ ಮೊದಲ ಶೆಡ್ಡು ಶಿವಗಂಗವ್ವನ ಅಕ್ಕ ಅಂಬಾಬಾಯಿಯದು. ಅಕ್ಕನ ಗಂಡ ಕಟ್ಟಡದಿಂದ ಬಿದ್ದು ಹಾಸಿಗೆ ಹಿಡಿದ ಮೇಲೆ ಆ ಮನೆಯ ಒಲೆ ಉರಿಯುತ್ತಿದ್ದದ್ದು ಕೋಳಿ, ತತ್ತಿಯಿಂದಲೇ.

"ಅತ್ತಿ, ಆಕಡೆ ಅಕ್ಕನ ಕೋಳಿ ಅದಾವ್ರಿ."

"ಅಮ್ಮಗ ನೀ ದಾರಿ ತೋರಸ್ತಿ ಏನು? ಎರಡು ಜೀವದಾಕಿ, ಬಾಯಿ ಮುಚ್ಚಿ ಕೂಡು. ಬಿಟ್ಟ ಕೋಳೀನ ಹೊಳ್ಳಿ ನೋಡಬಾರದು, ಮುಟ್ಟಲಂತೂ ಬಾರದು. ಮುಟ್ಟಿದವರ ಮೈಗೇ ಬ್ಯಾನಿ ಹತ್ತತದ."

ಸಾಬವ್ವ ಹೇಂಟೆಯನ್ನು ಹಳ್ಳಕ್ಕೆ ಬಿಟ್ಟು, ತಿರುಗಿ ನೋಡದೆ ಬಂದು ಒಳಗೆ ಹೋದಳು.

ಅಷ್ಟರಲ್ಲಿ ಆಚೆಯಿಂದ ಅಕ್ಕನ ದನಿ: "ಬಾ ಬಾ ಬಾ." ಕೋಳಿಗಳಿಗೆ ನುಚ್ಚು ಹಾಕುವ ಹೊತ್ತು. ಹೇಂಟೆಗೂ ಅದು ಕೇಳಿತು. ಕಲ್ಲಿಂದ ಕಲ್ಲಿಗೆ ಹಾರುತ್ತ ಆಚೆ ದಡದ ಕಡೆಗೇ ಹೊರಟಿತು.

ಶಿವಗಂಗವ್ವ ಚಪ್ಪಲಿ ಕಳಚಿ ನೀರಿಗಿಳಿದಳು. ಬಗ್ಗಿ ಹಸಿರು ದಾರದ ಕಾಲನ್ನೇ ಹಿಡಿದಳು. ದಡ ಹತ್ತಬೇಕೆನ್ನುವಾಗ ಕಾಲೂ ರೋಗ ಹೊರುತ್ತದೆ ಎಂದ ಡಾಕ್ಟರ ಮಾತು ನೆನಪಾಗಿ ಅಲ್ಲೇ ನಿಂತಳು.

"ಅಕ್ಕಾ, ಕೋಳಿ ಒಳಗ ಹಾಕು. ನೀನೂ ಇತ್ತಾಗ ಬರಬ್ಯಾಡ. ನಮ್ಮಲ್ಲಿ ಬ್ಯಾನಿ ಬಂದದ."

ಅಂಬಾಬಾಯಿ ಮೊರ ಹಿಡಿದೇ ನಕ್ಕಳು. "ನೀರಾಗ ನಿಂತು ಯಾರೋ ಹೊರಗಿನಾಕಿ ಹಂಗ ಒದರ್ತಿ. ಮ್ಯಾಲ ಬಾ." ಆಮೇಲೆ ಅರಿಶಿನ ಕಂಡಿತು. "ಅಯ್ಯ, ಅಮ್ಮನ ಕೋಳಿ. ಬಿಡು ತಂಗಿ, ಬಿಡು."

"ಬಿಟ್ರ ನಿನ್ನ ಗೂಡಿಗೇ ಬರ್ತದ."

ಅಂಬಾಬಾಯಿ ಮೊರ ಕೆಳಗಿಟ್ಟಳು. ಒಂದೊಂದೇ ಕೋಳಿಯನ್ನು ಒಳಗಟ್ಟಿ ಅಗಳಿ ಹಾಕಿದಳು. ಆಮೇಲೆ ತಂಗಿಯ ಮುಖ ನೋಡದೆ ಮೆಲ್ಲಗೆ ಅಂದಳು: "ಹಂಗಾರ ಬಿಡಬ್ಯಾಡ. ಗಟ್ಟಿ ಹಿಡಿ."

ಹೇಂಟೆ ಕೊಕ್ಕು ತೆರೆದು ಗೊರಗೊರ ಉಸಿರೆಳೆಯಿತು. ಹಿಡಿದವಳ ಸೀರೆಯ ಮೇಲೆ ಅದರ ಹಿಕ್ಕೆ ಹಸಿರು ನೀರಾಗಿ ಇಳಿಯಿತು. ಶಿವಗಂಗವ್ವ ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅವಳು ಹೋಗಬಹುದಾದದ್ದು ಒಂದೇ ದಡ, ತನ್ನ ಮನೆಯ ಕಡೆಯದು. ಹೊಳ್ಳಿದಳು.

ದಡದ ಮೇಲೆ ಸಾಬವ್ವ ನಿಂತಿದ್ದಳು. ಬೈಯಲಿಲ್ಲ. ಅವಳ ಕಣ್ಣು ಕೋಳಿಯ ಮೇಲಿರಲಿಲ್ಲ, ಸೊಸೆಯ ಹೊಟ್ಟೆಯ ಮೇಲಿತ್ತು.