ಬಸ್ಸು ತಿರುಗುವ ಜಾಗ

ನನ್ನ ಗಂಡ ಇಡೀ ಜನ್ಮದಲ್ಲಿ ಒಂದೇ ಒಂದು ಸುಳ್ಳು ಹೇಳಬೇಕಿತ್ತು. ಅದೂ ಬಾಯಿ ಬಿಟ್ಟು ಅಲ್ಲ, ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟರೆ ಸಾಕಿತ್ತು. ಅದೂ ಹೆತ್ತ ಮಗಳಿಗಾಗಿ. ಈಗಲೂ ನೆನೆದರೆ ಮೈ ಉರಿಯುತ್ತದೆ.

ನನ್ನವರು, ಭೋಜರಾಜರು, ಮಸ್ಕತ್ತಿನ ಅಲ್ ಖುವೈರಿನಲ್ಲಿ ಒಂದು ಕಂಪನಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ನಾನು ಮದುವೆಯಾಗಿ ಮೂಲ್ಕಿಯಿಂದ ಮಸ್ಕತ್ತಿಗೆ ಬಂದ ವರ್ಷ, ಅಂದರೆ ಎಂಬತ್ತಾರರಲ್ಲಿ, ಸೀಬ್ ಕಡೆ ಹೊಸದಾಗಿ ಒಂದು ಇಂಡಿಯನ್ ಶಾಲೆ ಶುರುವಾಯಿತು. ಯಾವ ಮಗು ಈ ಶಾಲೆಗೆ, ಯಾವ ಮಗು ಪೇಟೆಯ ಹಳೇ ಶಾಲೆಗೆ ಎಂದು ಜಗಳವೆದ್ದಾಗ ಕಮಿಟಿಯವರು ಇವರ ಕೈಯಲ್ಲಿ ಒಂದು ನಕ್ಷೆ ಮಾಡಿಸಿದರು. ಪುಕ್ಕಟೆ ಕೆಲಸ ಎಂದರೆ ಇವರಿಗೆ ಹಬ್ಬ.

ನಾನು ಚಹಾ ತಂದಿಡುತ್ತ ಕೇಳಿದ್ದೆ, "ಸರಕಾರದವರು ಸೀಬ್ ವಿಲಾಯತ್ ಅಂದ್ರೆ ಅವರ ತಾಲೂಕು ಇಲ್ಲಿಂದ ಇಲ್ಲಿಯವರೆಗೆ ಅಂತ ಮೊದಲೇ ಗೆರೆ ಹಾಕಿದ್ದಾರಲ್ಲ ಮಾರಾಯ್ರೆ, ಅದರ ಮೇಲೆಯೇ ಎಳೆದ್ರೆ ಆಗುದಿಲ್ವಾ?"

"ಅದು ವಾಲಿಯ ಗೆರೆ, ತಾಲೂಕಿನ ಅಧಿಕಾರಿಯದ್ದು. ನಮ್ಮ ಶಾಲೆಗೂ ಅದಕ್ಕೂ ಎಂತ ಸಂಬಂಧ? ಬಸ್ಸು ಎಲ್ಲಿಯವರೆಗೆ ಹೋಗ್ತದೋ ಅಲ್ಲಿಯವರೆಗೆ ಶಾಲೆ," ಎಂದರು.

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಶಾಲೆಯ ಬಸ್ ಡ್ರೈವರ್ ಗುರುವನ ಪಕ್ಕ ಕೂತು ಒಂದು ಶುಕ್ರವಾರ ಪೂರ್ತಿ ಸುತ್ತಿದರು. ಡಾಂಬರು ಮುಗಿಯುವಲ್ಲಿ ಒಂದು ಖರ್ಜೂರದ ತೋಟವಿತ್ತು. ಅದರ ಗೋಡೆಯ ಬದಿಯಲ್ಲಿ ಗುರುವ ಬಸ್ಸು ರಿವರ್ಸ್ ತೆಗೆದು ತಿರುಗಿಸಿದ. ಇವರು ಅಲ್ಲಿಗೇ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಆಚೆಗೆ ಆಗ ಜಲ್ಲಿ ಮತ್ತು ಆಡುಗಳು ಬಿಟ್ಟರೆ ಏನೂ ಇರಲಿಲ್ಲ. ಆಡಿಗೆ ಯಾವ ಶಾಲೆ? ಗೆರೆ ಚೆನ್ನಾಗಿ ಬಂದಿದೆ ಎಂದು ನಾನೂ ಹೊಗಳಿದ್ದೆ ಎನ್ನುವುದನ್ನು ಮುಚ್ಚಿಡುವುದಿಲ್ಲ.

ತೊಂಬತ್ತಮೂರರ ಜನವರಿಯಲ್ಲಿ ಕಂಪನಿ ನಮ್ಮನ್ನು ಅಲ್ ಖುವೈರಿನ ಫ್ಲ್ಯಾಟಿನಿಂದ ಎಬ್ಬಿಸಿ ಅಲ್ ಮಬೇಲಾದ ಕ್ವಾರ್ಟರ್ಸಿಗೆ ಹಾಕಿತು. ಕಫೀಲ್, ಅಂದರೆ ನಮ್ಮ ವೀಸಾದ ಧಣಿ, ಕೊಟ್ಟ ಮನೆ. ಬೇಡ ಎಂದರೆ ಬೇರೆ ಮನೆಗೆ ಭತ್ಯೆ ಇಲ್ಲ. ನಮಗೇನೂ ಚಿಂತೆಯಾಗಲಿಲ್ಲ. ಮಬೇಲಾ ಇರುವುದು ಸೀಬಿನಲ್ಲಿ, ಶಾಲೆ ಇರುವುದೂ ಸೀಬಿನಲ್ಲಿ. ನಮ್ಮ ಉಮಾವತಿಗೆ, ಅಜ್ಜಿಯ ಹೆಸರಿನ ನಮ್ಮ ಉಮಿಗೆ, ಐದೂವರೆ ತುಂಬಿತ್ತು. ಒಂದನೇ ಕ್ಲಾಸಿಗೆ ಅರ್ಜಿ ಹಾಕಿದೆವು. ವಾರದಲ್ಲಿ ವಾಪಸ್ ಬಂತು. ನಾವು ಗೆರೆಯಿಂದ ನಾನೂರು ಮೀಟರ್ ಆಚೆಗಿದ್ದೆವು.

"ಗೆರೆ ಎಳೆದವರಿಗೇ ಗೊತ್ತಾಗ್ಲಿಲ್ವಾ?" ಎಂದು ಕಿರುಚಿದೆ.

"ತೋಟವೇ ಇಲ್ಲ ಈಗ. ಅಲ್ಲಿ ಸಾಲಾಗಿ ಗ್ಯಾರೇಜುಗಳು. ನನಗೆ ಗುರ್ತವೇ ಸಿಕ್ಕಲಿಲ್ಲ," ಎಂದರು. ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಎಂದರೆ ಇದು.

ಪೇಟೆಯ ಶಾಲೆಗೆ ಓಡಿದೆವು. ನೀವು ಸೀಬಿನವರು, ಅಲ್ಲಿಗೇ ಹೋಗಿ ಎಂದರು. ಓಮಾನಿ ಸರಕಾರಿ ಶಾಲೆಯಲ್ಲಿ ಎಲ್ಲವೂ ಅರಬ್ಬಿಯಲ್ಲಿ. ಇನ್ನು ಉಳಿದದ್ದು ಒಂದೇ: ನಾನು ಮಗಳನ್ನು ಕರೆದುಕೊಂಡು ಊರಿಗೆ ಹೋಗುವುದು, ಇವರು ಐದು ಜನರ ಬ್ಯಾಚುಲರ್ ರೂಮಿಗೆ ಹೋಗುವುದು. ಹಾಗೆ ಹೋದ ಹೆಂಗಸರನ್ನು ನಾನು ನೋಡಿದ್ದೇನೆ. ವರ್ಷಕ್ಕೊಮ್ಮೆ ಬರುವ ಅಪ್ಪನನ್ನು ಕಂಡು ಅವರ ಮಕ್ಕಳು ಬಾಗಿಲ ಹಿಂದೆ ಅಡಗುತ್ತವೆ. ಉಮಿಗೆ ಅಪ್ಪನ ಎದೆಯ ಮೇಲೆ ಮಲಗದೆ ನಿದ್ದೆ ಬರುತ್ತಿರಲಿಲ್ಲ.

ದಾರಿ ತೋರಿಸಿದ್ದು ನಮ್ಮ ಸಂಬಂಧಿ ಕೊಗ್ಗಣ್ಣ. ಅವನ ಮನೆ ಗೆರೆಯ ಒಳಗೆ. ಇಲ್ಲಿ ಮನೆಗಳಿಗೆ ನಂಬರಿಲ್ಲ, ಕಾಗದ ಬರುವುದೆಲ್ಲ ಪೋಸ್ಟ್ ಬಾಕ್ಸಿಗೆ. ಹಾಗಾಗಿ ಶಾಲೆಯವರು ನಕ್ಷೆ ಮುಂದಿಟ್ಟು ನಿಮ್ಮ ಮನೆ ಎಲ್ಲಿ, ಚುಕ್ಕೆ ಹಾಕಿ ಎನ್ನುತ್ತಾರೆ. "ನನ್ನ ಮನೆಯ ಮೇಲೆ ಚುಕ್ಕೆ ಹಾಕಿ ಬನ್ನಿ ಭಾವ. ಎಲ್ಲರೂ ಮಾಡುದು ಅದನ್ನೇ. ಬೆಳಿಗ್ಗೆ ಮಗುವನ್ನು ನನ್ನಲ್ಲಿಗೆ ತಂದು ಬಿಟ್ರಾಯ್ತು," ಎಂದ. ಇವರು ಮೂರನೇ ದಿನ "ಆಯ್ತು" ಎಂದರು. ನನಗೆ ಹೋದ ಜೀವ ಬಂದ ಹಾಗಾಯಿತು.

ಕಮಿಟಿಯ ಕಾರ್ಯದರ್ಶಿ ಬಾಲಸುಬ್ರಹ್ಮಣ್ಯ ಮೈಸೂರಿನವರು, ಇವರ ಹಳೇ ಪರಿಚಯ. ಉಮಿಯನ್ನೂ ಕರೆದುಕೊಂಡು ಹೋದೆವು. ನಮಗಿಂತ ಮೊದಲು ಒಳಗಿದ್ದವಳು ನಮ್ಮದೇ ಕ್ವಾರ್ಟರ್ಸಿನ ಝೊಹರಾ, ಭಟ್ಕಳದವಳು. ಗಂಡ ಕ್ರೇನ್ ಓಡಿಸುತ್ತಾನೆ. ಅವಳಿಗೆ ಕೊಗ್ಗಣ್ಣನಂಥವರು ಯಾರೂ ಇರಲಿಲ್ಲ. ಇದ್ದ ಮನೆಯ ಮೇಲೆಯೇ ಚುಕ್ಕೆ ಹಾಕಿ, ಇಲ್ಲ ಅನ್ನಿಸಿಕೊಂಡು, ಕಣ್ಣೊರೆಸುತ್ತ ಹೊರಗೆ ಬಂದಳು. "ನಿಮಗಾದ್ರೂ ಸಿಗಲಿ ಅಕ್ಕಾ," ಎಂದಳು. ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಕಾರಿಡಾರಿನ ಬೆಂಚಿನಲ್ಲೇ ಕೂತಳು. ನಮ್ಮ ಕಾರಿನಲ್ಲೇ ವಾಪಸ್ ಬರುವವಳಿದ್ದಳು.

ಬಾಲಸುಬ್ರಹ್ಮಣ್ಯರು ಮೇಜಿನ ಮೇಲೆ ನಕ್ಷೆ ಹರಡಿದರು. ಅದೇ ನಕ್ಷೆ. ಮೂಲೆಯಲ್ಲಿ ಇವರದೇ ಸಹಿ.

"ಈಗ ಡಾಂಬರು ನಮ್ಮ ಮನೆಯವರೆಗೂ ಉಂಟಲ್ಲ ಸರ್," ಎಂದು ನಾನೇ ಬಾಯಿ ಹಾಕಿದೆ. "ಬಸ್ಸು ಬೇಡ, ನಾವೇ ಬಿಡ್ತೇವೆ ಅಂದ್ರೆ?"

"ಬಸ್ಸಿನ ಕತೆ ಎಂದೋ ಮುಗೀತು ಕಣಮ್ಮ. ಒಂದು ಕ್ಲಾಸಿಗೆ ಐವತ್ತೆರಡು ಮಕ್ಳು. ಯಾರನ್ನಾದ್ರೂ ಬೇಡ ಅನ್ಬೇಕಲ್ಲ, ಅನ್ನೋಕೆ ನಮ್ಮ ಹತ್ರ ಇರೋದು ಈ ಗೆರೆ ಒಂದೇ." ಆಮೇಲೆ ಪೆನ್ಸಿಲನ್ನು ಇವರ ಕಡೆ ಸರಿಸಿ, ಬೇಕೆಂದೇ ಕಿಟಕಿಯತ್ತ ನೋಡುತ್ತ, "ಮನೆ ಎಲ್ಲಿ ಅಂತ ಒಂದು ಚುಕ್ಕೆ ಹಾಕ್ಬಿಡಿ ಸಾರ್. ನಾನೇನೂ ಬಂದು ನೋಡಲ್ಲ," ಎಂದರು.

ಇವರು ಪೆನ್ಸಿಲ್ ತೆಗೆದುಕೊಂಡರು. ಕೊಗ್ಗಣ್ಣನ ಮನೆ ಮಸೀದಿಯ ಹಿಂದೆ. ನಿನ್ನೆ ರಾತ್ರಿ ಹತ್ತು ಸಲ ಹೇಳಿಸಿದ್ದೆ. ಇವರ ಕೈ ತನ್ನಷ್ಟಕ್ಕೆ ಅಂಗಿಯ ಜೇಬಿಗೆ ಹೋಯಿತು, ಸಣ್ಣ ಸ್ಕೇಲು ಹೊರಗೆ ಬಂತು. ರೌಂಡಬೌಟಿನಿಂದ ಅಳೆದರು. ಕೆಂಪು ಗೆರೆಯನ್ನು ದಾಟಿದರು. ನಾನೂರು ಮೀಟರ್ ಸರಿಯಾಗಿ ಲೆಕ್ಕ ಹಾಕಿ, ನಮ್ಮ ಮನೆ ಇರುವಲ್ಲಿಯೇ, ಸಾಸಿವೆಯಷ್ಟು ದೊಡ್ಡ ಚುಕ್ಕೆ ಇಟ್ಟರು. ಇಪ್ಪತ್ತು ವರ್ಷ ಅದನ್ನೇ ಮಾಡಿದ ಕೈ. ಇಟ್ಟ ಮೇಲೆ ಅವರಿಗೇ ಗೊತ್ತಾದದ್ದು.

ಬಾಲಸುಬ್ರಹ್ಮಣ್ಯರು ಬಗ್ಗಿ ಆ ಚುಕ್ಕೆಯನ್ನು ನೋಡಿದರು. ಆಮೇಲೆ ಡ್ರಾಯರಿನಿಂದ ಒಂದು ರಬ್ಬರ್ ತೆಗೆದು ನಕ್ಷೆಯ ಪಕ್ಕ ಇಟ್ಟರು. "ಕೈ ತಪ್ಪುತ್ತೆ ಸಾರ್, ಯಾರಿಗಾದ್ರೂ," ಎಂದರು.

ಇವರು ರಬ್ಬರ್ ಮುಟ್ಟಲಿಲ್ಲ. ನನ್ನ ಮುಖ ನೋಡಿದರು. ನಾನು ಹೂಂ ಎಂದಿದ್ದರೆ ಸಾಕಿತ್ತು, ಅಳಿಸುತ್ತಿದ್ದರು. ಅದು ನನಗೆ ಚೆನ್ನಾಗಿ ಗೊತ್ತು. ಬಾಗಿಲ ಪರದೆಯ ಕೆಳಗೆ ಝೊಹರಾಳ ಮಗನ ಹೊಸ ಶೂ ಕಾಣುತ್ತಿತ್ತು. ಸಂದರ್ಶನಕ್ಕೆಂದು ಕೊಂಡದ್ದು. ನಾಳೆಯಿಂದ ಒಂದೇ ಗೇಟಿನಿಂದ ನನ್ನ ಮಗಳು ಯೂನಿಫಾರ್ಮ್ ಹಾಕಿಕೊಂಡು ಹೊರಡುವಾಗ ಆ ಹುಡುಗ ನೋಡುತ್ತ ನಿಂತಿರುತ್ತಾನೆ. ಹೂಂ ಎನ್ನಲು ಬಾಯಿ ತೆರೆದೆ. ಆ ಶೂ ನೋಡುತ್ತ ಹಾಗೆಯೇ ಮುಚ್ಚಿದೆ.

"ಖಲಾಸ್," ಎಂದು ಬಾಲಸುಬ್ರಹ್ಮಣ್ಯರು ನಕ್ಷೆ ಸುತ್ತಿದರು. ಅವರ ದನಿಯಲ್ಲಿ ಸಿಟ್ಟಿತ್ತು. "ನೀವು ಸುಳ್ಳು ಹೇಳಿದ್ರೆ ನಂಬೋಣ ಅಂತ್ಲೇ ಕೂತಿದ್ದೆ ನಾನು."

ಮನೆಗೆ ಬಂದ ಮೇಲೆ ನಾನು ಬೈದದ್ದಕ್ಕೆ ಲೆಕ್ಕವಿಲ್ಲ. ಸತ್ಯ ಹರಿಶ್ಚಂದ್ರನ ಹೆಂಡತಿ ಮಕ್ಕಳೂ ಬೀದಿಗೇ ಬಿದ್ದದ್ದು ಎಂದೆ. ಇವರು "ಕೈ ಹೋಗ್ಲಿಲ್ಲ ದಮಯಂತಿ," ಎಂದಷ್ಟೇ ಹೇಳಿ, ನಮ್ಮ ಪೆಟ್ಟಿಗೆಗಳಿಗೆ ಹಗ್ಗ ಬಿಗಿದು, ದಪ್ಪ ಅಕ್ಷರದಲ್ಲಿ ಮೂಲ್ಕಿಯ ವಿಳಾಸ ಬರೆದರು.

ಮೇ ತಿಂಗಳ ಕೊನೆಗೆ ನಾನೂ ಮಗಳೂ ಇಬ್ಬರೇ ಹೊರಟೆವು. ಬೊಂಬಾಯಿ ವಿಮಾನ ಮೇಲೇರಿದ ಮೇಲೆ, ಕಿಟಕಿಯಿಂದ ಕೆಳಗೆ ನೋಡುತ್ತಿದ್ದ ಉಮಿ ನನ್ನ ಕಡೆ ತಿರುಗಿದಳು.

"ಅಮ್ಮ, ಅಂಕಲ್ ಗೇವ್ ರಬ್ಬರ್, ನೋ? ಪಪ್ಪ ನಿನ್ನನ್ನೇ ನೋಡ್ತಿದ್ರು. ವೈ ಡಿಡಂಟ್ ಯು ಸೇ ಯೆಸ್?"

ಬೈಗುಳವನ್ನೆಲ್ಲ ಅವಳ ಅಪ್ಪನಿಗೆ ಕೊಟ್ಟು ಮುಗಿಸಿದ್ದೆ. ಅವಳ ತಲೆಯನ್ನು ಎಳೆದು ನನ್ನ ಎದೆಯ ಮೇಲೆ ಒರಗಿಸಿಕೊಂಡೆ.