ಮಗ್ಗ ನಿಲ್ಲುವ ತನಕ

ನಲವತ್ತು ವರ್ಷ ಬಾಯಿಗೆ ಬೀಗ ಜಡಿದುಕೊಂಡಿದ್ದ ಮಿಲ್ಲಿನ ಫಿಟ್ಟರ್‌ಗೆ ಈಗ ಎಂಥ ಅವಸರ ಅಂತೀರಾ? ಹೆಂಡತಿಯ ಕಣ್ಣು ಹೋಗುತ್ತಿತ್ತು, ಅದಕ್ಕೆ. ಅವಳ ಕಿವಿಯನ್ನಂತೂ ಅಲ್ಲಿನ ಮಗ್ಗಗಳು ಎಂದೋ ತಿಂದುಹಾಕಿದ್ದವು. ಆ ಗದ್ದಲದಲ್ಲಿ ನೇಯುವವರೆಲ್ಲ ತುಟಿ ನೋಡಿಯೇ ಮಾತಾಡುತ್ತಿದ್ದರು. ಅವಳು ಇವತ್ತಿಗೂ ಹಾಗೇ. ಇನ್ನೆರಡು ತಿಂಗಳು ಅಂದಿದ್ದರು ಡಾಕ್ಟರು. ಆಮೇಲೆ ಇವನು ಗಂಟಲು ಹರಿದುಕೊಂಡರೂ ಅವಳಿಗೆ ಮುಟ್ಟದು.

ಬೆಳಗ್ಗೆ ಅವಳ ಕೈ ಹಿಡಿದು ಹೊಳೆದಂಡೆಯ ಹಾಳು ಮಿಲ್ಲಿಗೆ ಕರೆತಂದ. ಬಣ್ಣದ ತೊಟ್ಟಿಗಳಲ್ಲಿ ಹುಲ್ಲು ಬೆಳೆದಿತ್ತು. ಚಿಮಣಿ ಅರ್ಧ ಉರುಳಿತ್ತು.

"ಅಯ್ಯೋ, ಇದನ್ನ ನೋಡೋಕೆ ಇಷ್ಟು ದೂರ ನಡೆಸಿದ್ರಾ? ನಿಮಗೆಲ್ಲೋ ತಲೆ ಕೆಟ್ಟಿದೆ," ಅಂತ ಗೊಣಗಿದಳು.

ನೇಯ್ಗೆ ಶೆಡ್ಡಿಗೆ ಗೋಡೆ ಮಾತ್ರ ಉಳಿದಿತ್ತು. ಅವಳು ತನ್ನ ಮಗ್ಗದ ಜಾಗ ಹುಡುಕಿ, ನೆಲದಲ್ಲಿ ಬೋಲ್ಟು ಕಿತ್ತ ನಾಲ್ಕು ತೂತುಗಳ ನಡುವೆ ನಿಂತಳು. ಇವನು ತುಟಿ ಕಾಣಲೆಂದು ತನ್ನ ಮುಖಕ್ಕೆ ಬಿಸಿಲು ಬೀಳುವ ಹಾಗೆ ಎದುರು ನಿಂತ.

"ಅವತ್ತು ನಮ್ಮ ಪಾಪು ಹೋದ ಸುದ್ದಿ ನನಗೆ ಮಧ್ಯಾಹ್ನ ಹನ್ನೆರಡಕ್ಕೇ ಗೊತ್ತಾಗಿತ್ತು ಕಣೇ. ಗೇಟಿನವನು ಬಂದು ಹೇಳಿದ್ದ."

ಜ್ವರದ ಮಗುವನ್ನು ಅಜ್ಜಿ ಬಳಿ ಬಿಟ್ಟು ಇಬ್ಬರೂ ಕೆಲಸಕ್ಕೆ ಬಂದಿದ್ದ ದಿನ ಅದು. ಮಗ್ಗ ಓಡುವಾಗ ಸಾವಿನ ಸುದ್ದಿ ಹೇಳಕೂಡದು, ಅದು ಮಿಲ್ಲಿನವರ ಕಟ್ಟಳೆ. ಕೈ ನಡುಗಿದರೆ ಬೆರಳು ಹೋದ ಹಾಗೇ. ಸೈರನ್ ಆದ ಮೇಲೆ, ಗೇಟಿನ ಹೊರಗೆ ಹೇಳಬೇಕು. ಎರಡು ಸಾಲು ಮಗ್ಗಗಳಾಚೆಯಿಂದ ಅವಳು, "ಏನಂತೆ? ಪಾಪು ಹಾಲು ಕುಡೀತಂತಾ?" ಅಂತ ತುಟಿಯಲ್ಲೇ ಕೇಳಿದ್ದಳು. "ಕುಡೀತಂತೆ" ಅಂದಿದ್ದ ಇವನು. ನಾಲ್ಕು ಗಂಟೆಯ ಸೈರನ್ ಆಗುವವರೆಗೂ ಸ್ಪ್ಯಾನರ್ ಹಿಡಿದು, ನಗುಮುಖ ಮಾಡಿಕೊಂಡು ಓಡಾಡಿದ್ದ. ಎಂಥ ಕರುಳು ನೋಡಿ!

"ನಿನ್ನ ಬೆರಳು ಉಳೀಲಿ ಅಂತ..." ಅಂದ ಈಗ.

"ಗೇಟಿನವನ ತುಟಿ ನನಗೂ ಕಂಡಿತ್ತು," ಅಂದಳು ಅವಳು, ತನಗೇ ಕೇಳಿಸದ ದೊಡ್ಡ ದನಿಯಲ್ಲಿ. "ಅದಕ್ಕೇ ನಿಮ್ಮನ್ನ ಕೇಳಿದ್ದು. ನೀವು ಕುಡೀತಂತೆ ಅಂದ್ರಿ. ಸದ್ಯ, ನಾನೇ ತಪ್ಪಾಗಿ ಓದಿದೆ ಅಂದ್ಕೊಂಡೆ. ನನ್ನ ಕಣ್ಣು ಬಿಟ್ಟು ನಿಮ್ಮ ಬಾಯಿ ನಂಬಿದೆ."

ಇವನು ತಲೆ ತಗ್ಗಿಸಿ ಅವಳ ಕಾಲಡಿಯ ತೂತುಗಳನ್ನು ನೋಡಿದ.

"ಒಂದಿನ ನೀವಾಗೇ ಹೇಳ್ತೀರಿ ಅಂತ ಕಾದೆ ಕಾದೆ. ಮನೆಗೆ ಹೋದಾಗ ಮಗು ತಣ್ಣಗಾಗಿತ್ತಲ್ಲ. ಆಗಲೇ ಓಡಿದ್ದಿದ್ರೆ, ಮೈ ಬಿಸಿ ಇರೋವಾಗ ಒಂದ್ಸಲ ಎತ್ಕೋತಿದ್ದೆ. ಹತ್ತು ಬೆರಳೂ ಉಳಿದವು, ತಗೊಂಡು ಏನ್ಮಾಡ್ಲಿ?"

ಇವನು ತಪ್ಪಾಯ್ತು ಅನ್ನಲು ಮುಖ ಎತ್ತಿ ಬಾಯಿ ತೆರೆದ.

ಅವಳು ಕಣ್ಣು ಮುಚ್ಚಿಕೊಂಡಳು.