ಸತ್ತ ಡಯೋಡುಗಳ ಡಬ್ಬಿ

ಅಪ್ಪ ಬಿಟ್ಟುಹೋದ ಆಸ್ತಿಯೆಂದರೆ ಹಿಂದಿನ ಕೋಣೆಯಲ್ಲಿ ಎದೆಮಟ್ಟ ಪೇರಿಸಿದ್ದ ಹಳೆಯ ಡಿವಿಡಿ ಬರ್ನರುಗಳು. ಜನರ ಮದುವೆ ವೀಡಿಯೊಗಳನ್ನು ಡಿಸ್ಕಿಗೆ ಬರೆದುಕೊಡುವ ಅಂಗಡಿ ಅವರದು. ಡಿಸ್ಕು ಕೇಳುವವರೇ ಇಲ್ಲವಾದಾಗ ಅಂಗಡಿ ಮುಚ್ಚಿತು. ಇವತ್ತಲ್ಲ ನಾಳೆ ಇವಕ್ಕೆ ಬೆಲೆ ಬಂದೇ ಬರುತ್ತದೆ ಎನ್ನುತ್ತಲೇ ಅಪ್ಪ ತೀರಿಕೊಂಡರು.

ಗುಜರಿಯವನು ಚೀಲ ಹಿಡಿದು ಬಾಗಿಲಿಗೆ ಬಂದ ದಿನ ತಮ್ಮ ಎಲ್ಲವನ್ನೂ ಎತ್ತಿ ಕೊಡಲು ಸಿದ್ಧನಿದ್ದ. ತಡೆದವಳು ಅಕ್ಕ. ಅವಳು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಹುಡುಗರಿಗೆ ಪ್ರಯೋಗ ಹೇಳಿಕೊಡುವವಳು.

"ಇದರೊಳಗೆ ಏನಿದೆ ಗೊತ್ತೇನೋ? ಲೇಸರ್ ಡಯೋಡ್. ಮರದ ಮೇಲೆ ಸುಟ್ಟು ಬರೆಯೋ ಅಂಥದ್ದು."

"ಅಪ್ಪನ ಜೀವಮಾನ ಸುಟ್ಟಿತಲ್ಲ, ಇನ್ನು ಮರ ಯಾವ ಲೆಕ್ಕ," ಎಂದ ತಮ್ಮ. ಆದರೂ ಚೀಲ ಖಾಲಿಯಾಗಿಯೇ ವಾಪಸ್ಸು ಹೋಯಿತು.

ತಮ್ಮ ಬಸ್ಸಿನ ಡ್ರೈವರು. ಓದು ತಲೆಗೆ ಹತ್ತಲಿಲ್ಲ ಎಂದು ಅಪ್ಪನಿಂದ ಅನ್ನಿಸಿಕೊಂಡೇ ಬೆಳೆದವನು. ಅಕ್ಕನನ್ನು ತೋರಿಸಿ ಅವನನ್ನು ಬೈಯುವುದು ಅಪ್ಪನ ರೂಢಿಯಾಗಿತ್ತು. ಹಾಗಾಗಿ ಒಂದೇ ಮನೆಯಲ್ಲಿ ಬೆಳೆದರೂ ಅಕ್ಕ ತಮ್ಮ ಎಣ್ಣೆ ನೀರಿನಂತೆ ಬೇರೆ ಬೇರೆಯೇ ಉಳಿದಿದ್ದರು. ಈಗ ರಜೆಯ ದಿನ ಬಂತೆಂದರೆ ಅವನು ಅಕ್ಕನ ಮನೆಯ ಆ ಕೋಣೆಯಲ್ಲಿ ಹಾಜರು. ಇಬ್ಬರೂ ಒಂದೇ ದೀಪದ ಕೆಳಗೆ ತಲೆ ತಗ್ಗಿಸಿ ಕೂತರೆ ಮಾತು ತಾನಾಗಿ ಬರುತ್ತಿತ್ತು.

ಮರದ ಮೇಲೆ ಲೇಸರಿನಿಂದ ಅಕ್ಷರ, ಚಿತ್ರ ಕೊರೆಯುವ ಯಂತ್ರವೊಂದನ್ನು ಕಟ್ಟುವುದು ಅವರ ಯೋಜನೆ. ಕೆಲಸ ನಾಜೂಕಿನದು. ಬರ್ನರಿನ ತಗಡು ಬಿಚ್ಚಿ, ಡಿಸ್ಕಿನ ಕೆಳಗೆ ಹಿಂದೆ ಮುಂದೆ ಓಡಾಡುವ ಪುಟ್ಟ ಗಾಡಿಯನ್ನು ಹೊರಗೆ ತೆಗೆಯಬೇಕು. ಅದರ ಅಂಚಿನಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡವಾದ ಡಯೋಡುಗಳು ಕೂತಿರುತ್ತವೆ. ಬಿಡಿಸುವ ಮೊದಲೇ ಒಂದೊಂದರ ಕಾಲುಗಳಿಗೂ ಕೂದಲಿನಂಥ ತಾಮ್ರದ ಎಳೆ ಸುತ್ತಬೇಕು, ಕರೆಂಟು ಕೊಡುವಾಗಷ್ಟೇ ಬಿಚ್ಚಬೇಕು. ಇಲ್ಲದಿದ್ದರೆ ನಮ್ಮ ಮೈಯಲ್ಲಿ ಕೂತಿರುವ ವಿದ್ಯುತ್ತು ಬೆರಳಿನಿಂದ ಹಾರಿ ಅದನ್ನು ಕೊಲ್ಲುತ್ತದೆ. ಸತ್ತರೂ ಪೂರ್ತಿ ಆರುವುದಿಲ್ಲ ಅದು. ಕರೆಂಟು ಕೊಟ್ಟರೆ ಮಂಕಾಗಿ, ಕೆಂಪಗೆ, ಸುಮ್ಮನೆ ಮಿಣುಕುತ್ತದೆ.

"ಮಂಕಾಗಿದ್ರೆ ಸತ್ತಿದೆ ಅಂತ ಅರ್ಥ. ಯೋಚನೆ ಮಾಡ್ಬೇಡ, ಡಬ್ಬಿಗೆ ಹಾಕು," ಎಂದು ಅಕ್ಕ ನಿಯಮ ಮಾಡಿದ್ದಳು. ಬಿಸ್ಕತ್ತಿನ ಹಳೆಯ ಡಬ್ಬಿಯೊಂದರ ಮೇಲೆ 'ಸತ್ತವು' ಎಂದು ಬರೆದು ಅಂಟಿಸಿದ್ದಳು. ಕೆಂಪು ಲೇಸರಿಗೆಂದೇ ಮಾಡಿದ ಹಸಿರುನೀಲಿ ಗಾಜಿನ ಕನ್ನಡಕಗಳನ್ನೂ ತರಿಸಿದ್ದಳು. ಅದಿಲ್ಲದೆ ಮೇಜಿನ ಹತ್ತಿರ ಬಂದರೆ ಕೈ ಮುರಿಯುತ್ತೇನೆ ಎಂದಿದ್ದಳು.

ಮೊದಲ ಸಲ ಮರದ ತುಂಡಿನ ಮೇಲೆ ಹೊಗೆಯೆದ್ದು ಒಂದು ಕಂದು ಗೆರೆ ಮೂಡಿದಾಗ ತಮ್ಮ ಅದನ್ನು ಬೆರಳಿನಿಂದ ಸವರಿ ನೋಡಿದ.

"ಅಪ್ಪ ಇದ್ದಿದ್ರೆ, 'ಗೆರೆ ಸೊಟ್ಟಗಿದೆ' ಅಂತಿದ್ರು."

"ಸೊಟ್ಟಗೇ ಇದೆ," ಎಂದಳು ಅಕ್ಕ. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು.

ಅದಾದ ಮೇಲೆ ಅವಳು ಕೋಣೆಯ ಬೀಗದ ಕೈಯನ್ನೇ ಅವನಿಗೆ ಕೊಟ್ಟಳು.

ಒಂದು ಸಂಜೆ ತಮ್ಮ ಡ್ಯೂಟಿ ಮುಗಿಸಿ ನೇರವಾಗಿ ಬಂದ. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತ.

"ಅಕ್ಕ, ಎಡಗಣ್ಣು ಮುಚ್ಚಿದ್ರೆ, ನಾನು ಏನು ನೋಡ್ತೀನೋ ಅದೇ ಕಾಣಲ್ಲ. ಸುತ್ತಲಿದ್ದದ್ದು ಕಾಣುತ್ತೆ. ಪೇಪರ್ ಹಿಡಿದ್ರೆ ಓದಬೇಕಾದ ಅಕ್ಷರಾನೇ ನುಂಗಿಹೋಗುತ್ತೆ."

"ಕನ್ನಡಕ ಹಾಕಿರಲಿಲ್ವೇನೋ?"

"ಹಾಕಿದ್ದೆ. ನಿನ್ನಾಣೆ ಹಾಕಿದ್ದೆ ಕಣೇ. ಬೇರೆ ಥರದ ಬರ್ನರ್ ಒಂದಿತ್ತಲ್ಲ, ಅದರದ್ದು. ಲೆನ್ಸಿನ ಕೊಳವೆಗೆ ಕೂರಿಸಿ ಕರೆಂಟು ಕೊಟ್ಟೆ. ಏನೂ ಕಾಣಲಿಲ್ಲ. ಮಂಕಾಗಾದ್ರೂ ಉರೀತಿದೆಯಾ ನೋಡೋಣ ಅಂತ ಹತ್ತಿರ ಹಿಡಿದು ಒಳಗೆ ನೋಡಿದೆ. ಸತ್ತಿದೆ ಅಂತ ನಿನ್ನ ಡಬ್ಬಿಗೆ ಹಾಕಿದೆ."

ಅಕ್ಕ ಹಿಂದಿನ ಕೋಣೆಗೆ ಹೋಗಿ ಡಬ್ಬಿ ತೆರೆದಳು. ಮೇಲಿದ್ದ ಡಯೋಡಿಗೆ ಕರೆಂಟು ಕೊಟ್ಟು, ಗೋಡೆಯ ಕಡೆ ತಿರುಗಿಸಿ, ಫೋನಿನ ಕ್ಯಾಮೆರಾದಲ್ಲಿ ಗೋಡೆಯನ್ನು ನೋಡಿದಳು. ಬರಿಗಣ್ಣಿಗೆ ಕಂಡೂ ಕಾಣದಂತಿದ್ದ ಜಾಗದಲ್ಲಿ ಪರದೆಯ ಮೇಲೆ ನೇರಳೆ ಬಿಳುಪಿನ ಬೆಂಕಿಯಂಥ ಚುಕ್ಕೆ ಉರಿಯುತ್ತಿತ್ತು. ಕೆಳಗಿನದನ್ನು ತೆಗೆದಳು. ಅದೂ ಹಾಗೆಯೇ. ಇನ್ನೊಂದು ನಿಜವಾಗಿ ಸತ್ತಿತ್ತು. ಅದರ ಪಕ್ಕದ್ದು ಬದುಕಿತ್ತು.

ಪ್ರತಿ ಬರ್ನರಿನಲ್ಲೂ ಎರಡು ಲೇಸರ್ ಇರುತ್ತವೆ. ಡಿವಿಡಿಗೆ ಕೆಂಪು, ಸಿಡಿಗೆ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಅವಕೆಂಪು. ಕಾಣದ್ದಕ್ಕೂ ಕೆಂಪಿನಷ್ಟೇ ಬಲ. ಕೆಂಪನ್ನು ತಡೆಯುವ ಗಾಜು ಅದನ್ನು ತಡೆಯುವುದಿಲ್ಲ. ಇದು ಅಕ್ಕನಿಗೆ ಗೊತ್ತಿರಲಿಲ್ಲವೆಂದಲ್ಲ. ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದಳು, ಪರೀಕ್ಷೆಯಲ್ಲಿ ಕೇಳಿದ್ದಳು. ಕಾಲೇಜಿನಲ್ಲಿ ಗೊತ್ತಿದ್ದದ್ದು ಈ ಕೋಣೆಯ ಹೊಸಿಲು ದಾಟಿರಲಿಲ್ಲ, ಅಷ್ಟೆ.

"ಡಾಕ್ಟರ್ ಹತ್ತಿರ ಹೋಗೋಣ ನಡಿ."

"ಹೋದ್ರೆ ವಾಸಿಯಾಗುತ್ತಾ?"

ಅವಳಿಗೆ ಸುಳ್ಳು ಹೇಳಲು ಬರಲಿಲ್ಲ. "ಸುಟ್ಟಿದ್ದು ಸುಟ್ಟ ಹಾಗೇ."

"ಮತ್ಯಾಕೆ? ಸುದ್ದಿ ಡಿಪೋಗೆ ಮುಟ್ಟುತ್ತೆ. ಮುಂದಿನ ವಾರ ಕಣ್ಣಿನ ತಪಾಸಣೆ ಇದೆ. ಸ್ಟಿಯರಿಂಗ್ ಬಿಟ್ರೆ ನನಗೆ ಇನ್ನೇನು ಬರುತ್ತೆ ಹೇಳು. ನಿನ್ನ ಥರ ನಾಲ್ಕಕ್ಷರ ಕಲಿತವನಾ?"

ಅವನ ಮುಖ ನೋಡಲಾಗದೆ ಅವಳು ಪೇಪರು ತಂದು ಕೈಗಿಟ್ಟಳು. "ಎಡಗಣ್ಣು ಮುಚ್ಚು. ಅಕ್ಷರವನ್ನ ನೇರ ನೋಡ್ಬೇಡ. ಸ್ವಲ್ಪ ಪಕ್ಕಕ್ಕೆ, ಬಲಗಡೆ ಖಾಲಿ ಜಾಗ ನೋಡು. ಆಗ ಅಕ್ಷರ ಕಣ್ಣಿನ ಸುಡದ ಭಾಗಕ್ಕೆ ಬೀಳುತ್ತೆ."

ತಮ್ಮ ಕತ್ತು ಓರೆ ಮಾಡಿದ, ನೆಟ್ಟಗೆ ಮಾಡಿದ. ತಡವರಿಸುತ್ತ ಒಂದು ಸಾಲು ಓದಿದ. ಅವನ ಮುಖ ಅರಳಿತು. ಸಮಾಧಾನಕ್ಕೆಂದು ಹೇಳಿಕೊಟ್ಟ ಉಪಾಯ ಅದು. ಅವನು ಅದನ್ನು ವಾರವಿಡೀ ಅಭ್ಯಾಸ ಮಾಡುತ್ತಾನೆಂದು ಅವಳು ಎಣಿಸಿರಲಿಲ್ಲ.

ತಪಾಸಣೆಯ ಬೆಳಗ್ಗೆ ಅವನೇ ಅವಳನ್ನು ಕರೆದ. "ಸುಮ್ನೆ ಬಂದು ಕೂತ್ಕೋ. ನೀನಿದ್ರೆ ಧೈರ್ಯ." ಇಬ್ಬರೂ ಡಿಪೋದವರೆಗೆ ನಡೆದರು. ಅವನು ಖುಷಿಯಲ್ಲಿದ್ದ.

"ಮೊನ್ನೆ ಏನಾಯ್ತು ಗೊತ್ತಾ? ಸಂಜೆ ಬಿಸಿಲು ಎಡಗಡೆಯಿಂದ ಕಣ್ಣಿಗೆ ಹೊಡೀತಿತ್ತು. ನನಗೆ ಎಡಗಣ್ಣು ಕಿರಿದು ಮಾಡೋ ಅಭ್ಯಾಸ. ದೂರದಲ್ಲಿ ಒಬ್ಬ ಮುದುಕ ರಸ್ತೆ ದಾಟ್ತಿದ್ದ. ಮಾಯ. ಆಮೇಲೆ ನೋಡ್ತೀನಿ, ಬಂಪರ್ ಮುಂದೇನೇ ಪ್ರತ್ಯಕ್ಷ. ಬ್ರೇಕ್ ಹಾಕಿದ್ದಕ್ಕೆ ಹಿಂದಿದ್ದವರೆಲ್ಲ ನನ್ನ ವಂಶ ಜಾಲಾಡಿದ್ರು."

ಅವಳು ನಗಲಿಲ್ಲ. ಅಕ್ಷರವೊಂದನ್ನು ನುಂಗುವ ಚುಕ್ಕೆ ನೂರು ಹೆಜ್ಜೆ ದೂರಕ್ಕೆ ಎಷ್ಟು ದೊಡ್ಡದಾಗುತ್ತದೆ ಎಂಬ ಲೆಕ್ಕ ಅವಳ ತಲೆಯಲ್ಲಿ ತಾನಾಗಿ ನಡೆದುಹೋಗಿತ್ತು. ಒಬ್ಬ ಮನುಷ್ಯ ಪೂರ್ತಿ ಹಿಡಿಸುವಷ್ಟು.

"ನೀನೇ ಹೇಳಿಬಿಡೋ," ಎಂದಳು. "ಇವತ್ತು ಡಾಕ್ಟರಿಗೆ ನೀನೇ ಹೇಳು."

"ಎರಡೂ ಕಣ್ಣು ಬಿಟ್ರೆ ಎಲ್ಲಾ ಕಾಣುತ್ತೆ ಕಣೇ. ಇನ್ನು ಮೇಲೆ ಕಪ್ಪು ಕನ್ನಡಕ ಹಾಕ್ತೀನಿ. ಸರೀನಾ?"

ಡಿಪೋದ ಕೋಣೆಯಲ್ಲಿ ಬೆಂಚುಗಳು, ಡೀಸೆಲಿನ ವಾಸನೆ, ಗೋಡೆಗೆ ತೂಗುಹಾಕಿದ ಅಕ್ಷರಗಳ ಹಲಗೆ. ಕಣ್ಣಿನ ಡಾಕ್ಟರು ದಣಿದ ಮನುಷ್ಯ. ತಲೆಯೆತ್ತದೆ ಹೆಸರು ಕರೆಯುತ್ತಿದ್ದರು. ತಮ್ಮನ ಸರದಿ ಬಂತು. ಬಲಗಣ್ಣು ಮುಚ್ಚಿಸಿದರು, ಕೊನೆಯ ಸಾಲಿನವರೆಗೂ ಓದಿದ. ಎಡಗಣ್ಣು ಮುಚ್ಚಿಸಿದರು. ಅವನು ಒಂದು ಕ್ಷಣ ನಿಂತು, ಕತ್ತು ತುಸು ಓರೆಮಾಡಿ, ಒಂದೊಂದೇ ಅಕ್ಷರ ಹೇಳುತ್ತ ಕೆಳಗಿಳಿದ. ಒಂದು ಕಡೆ ತಪ್ಪಿದ, ತಿದ್ದಿಕೊಂಡ.

"ಆಯ್ತು, ಪರವಾಗಿಲ್ಲ," ಎಂದು ಡಾಕ್ಟರು ಪೆನ್ನು ಎತ್ತಿಕೊಂಡರು. ತಮ್ಮ ಬೆಂಚಿನ ಕಡೆ ನೋಡಿ ಕಣ್ಣು ಮಿಟುಕಿಸಿದ. ಚಿಕ್ಕವನಿದ್ದಾಗಿನಿಂದಲೂ ಅಕ್ಕ ಹೇಳಿಕೊಟ್ಟ ಪಾಠ ಅವನು ಒಪ್ಪಿಸಿದ್ದು ಇದೊಂದೇ ಸಲ.

"ಡಾಕ್ಟ್ರೇ," ಎಂದು ಅಕ್ಕ ಎದ್ದು ನಿಂತಳು. ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. "ಅವನು ಅಕ್ಷರ ನೋಡ್ತಿಲ್ಲ. ಅಕ್ಷರದ ಪಕ್ಕಕ್ಕೆ ನೋಡ್ತಿದಾನೆ. ಬಲಗಣ್ಣಿನ ನಡುವೆ ಸುಟ್ಟಿದೆ. ಒಳಗೆ ಬೆಳಕು ಬಿಟ್ಟು ನೋಡಿ."

ಡಾಕ್ಟರು ಉಪಕರಣ ತೆಗೆದುಕೊಂಡು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ತಮ್ಮ ಮುಖ ಎತ್ತಿಕೊಂಡೇ ಕೂತಿದ್ದ. ಅವನ ಕೈಗಳು ಮಾತ್ರ ಮೊಣಕಾಲಿನ ಮೇಲೆ, ಇಲ್ಲದ ಸ್ಟಿಯರಿಂಗನ್ನು ಹಿಡಿದಂತೆ ಬಿಗಿದಿದ್ದವು.

ಅವನನ್ನು ಟೈರು ಇಡುವ ಉಗ್ರಾಣಕ್ಕೆ ಹಾಕಿದರು. ಕೆಲಸ ಉಳಿಯಿತಲ್ಲ ಎಂದು ಅಕ್ಕ ಅವನ ಹೆಂಡತಿಗೆ ಫೋನು ಮಾಡಿದಳು. "ಹೌದಕ್ಕ, ಉಳೀತು. ಊಟಕ್ಕೆ ಕೂತ್ರೆ ಈಗ ಗೋಡೆ ನೋಡ್ಕೊಂಡು ಊಟ ಮಾಡ್ತಾರೆ. ನೀವು ಓದಿದೋರು, ಸರಿಯಾಗೇ ಮಾಡಿರ್ತೀರಿ," ಎಂದು ಅವಳು ಫೋನಿಟ್ಟಳು.

ಒಂದು ಮಧ್ಯಾಹ್ನ ತಮ್ಮ ಬಂದ. ಒಳಗೆ ಕಾಲಿಡಲಿಲ್ಲ. ಕೋಣೆಯ ಬೀಗದ ಕೈ, ಕನ್ನಡಕ, ಕೊರೆಯುವ ಯಂತ್ರಕ್ಕೆಂದು ತನ್ನ ಮನೆಯಲ್ಲಿ ಅರ್ಧ ಜೋಡಿಸಿದ್ದ ಚೌಕಟ್ಟು, ಮೂರನ್ನೂ ಹೊಸಿಲ ಮೇಲಿಟ್ಟ.

"ಕನ್ನಡಕ ಕೊಟ್ಟವಳು ನೀನು, ನಿಯಮ ಹೇಳಿದವಳು ನೀನು," ಎಂದ. "ನಾನು ಎರಡನ್ನೂ ಪಾಲಿಸಿದೆ. ಒಂದು ಸಲಾನೂ ತಪ್ಪಲಿಲ್ಲ."

"ಗೊತ್ತು ಕಣೋ. ಆದ್ರೆ ಆ ಮುದುಕ..."

"ಆ ಮುದುಕ ಮನೆಗೆ ಹೋಗಿ ಕಾಫಿ ಕುಡಿದ. ಬಿಡು. ಮಂಕಾಗಿ ಕಂಡಿದ್ದನ್ನ ಸತ್ತಿದೆ ಅಂತ ಡಬ್ಬಿಗೆ ಹಾಕೋದು ಅಪ್ಪನ ಬುದ್ಧಿ. ನಿನಗೂ ಬಂದಿದೆ."

"ನಿನ್ನ ಜಾಗದಲ್ಲಿ ನಾನಿದ್ರೂ ಡಾಕ್ಟರಿಗೆ ಅದನ್ನೇ ಹೇಳ್ತಿದ್ದೆ."

"ನೀನು ನನ್ನ ಜಾಗದಲ್ಲಿ ಯಾವತ್ತು ಕೂತಿದ್ದೆ ಅಕ್ಕ?"

ಅವನು ಮೆಟ್ಟಿಲಿಳಿದು ಹೋದ. ಇಳಿಯುವಾಗ ಕತ್ತನ್ನು ತುಸು ಓರೆ ಮಾಡಿದ್ದ. ಅದು ಈಗ ಅವನ ನಡಿಗೆಯೇ ಆಗಿಬಿಟ್ಟಿತ್ತು.

ಮರುದಿನ ಗುಜರಿಯವನು ಅದೇ ಚೀಲದೊಂದಿಗೆ ಬಂದು ಬರ್ನರುಗಳನ್ನೆಲ್ಲ ಹೊತ್ತುಕೊಂಡು ಹೋದ. ಡಬ್ಬಿಯೊಂದನ್ನು ಮಾತ್ರ ಅವಳು ಕೊಡಲಿಲ್ಲ. ಕಸಕ್ಕೆ ಹಾಕಿದರೆ ಯಾರಾದರೂ ಹೆಕ್ಕಿಕೊಂಡು ಹೋಗಿ ಬೆಳಗಿಸಿ ನೋಡಬಹುದು. ಮೇಜಿನ ಮುಂದೆ ಕೂತು ಒಂದೊಂದೇ ಡಯೋಡನ್ನು ಇಕ್ಕಳದ ಬಾಯಿಗೆ ಕೊಟ್ಟು ಹಿಸುಕತೊಡಗಿದಳು. ಹೆಚ್ಚಿನವುಗಳ ಕಾಲಿಗೆ ತಮ್ಮ ಸುತ್ತಿದ್ದ ತಾಮ್ರದ ಎಳೆ ಇನ್ನೂ ಹಾಗೆಯೇ ಇತ್ತು; ಸತ್ತವೆಂದು ಹಾಕುವಾಗಲೂ ಅವನು ಅದನ್ನು ಮತ್ತೆ ಸುತ್ತಿಯೇ ಹಾಕಿದ್ದ. ಸಣ್ಣ ಗಾಜು ಚಟ್ಟೆಂದು ಒಡೆಯುವ ಸದ್ದು ಮತ್ತೆ ಮತ್ತೆ ಕೇಳಿತು. ಎಲ್ಲ ಮುಗಿದ ಮೇಲೆ ಅವಳು ಮುಚ್ಚಳ ಹಾಕಿದಳು. ಮೇಲಿನ ಚೀಟಿಯನ್ನು ಕೀಳುವ ಅಗತ್ಯ ಇರಲಿಲ್ಲ. ಅದರಲ್ಲಿ ಬರೆದಿದ್ದುದು ಈಗ ನಿಜವಾಗಿತ್ತು.